ಬ್ರಿಟನ್ನಿನ ಕೌನ್ಸಿಲ್ ಮನೆಗಳು: ವಸತಿ ನೀತಿ ಮತ್ತು ಸ್ಥಳೀಯ ಆಡಳಿತ

ಬ್ರಿಟನ್ನಿನಲ್ಲಿ ಸ್ಥಳೀಯ ಸಂಸ್ಥೆಗಳು ತಾವೇ ಕಟ್ಟಿಸಿ, ತಾವೇ ಮಾಲೀಕರಾಗಿ, ಕಡಿಮೆ ಬಾಡಿಗೆಗೆ ಕೊಡುವ ಮನೆಗಳನ್ನು ಕೌನ್ಸಿಲ್ ಮನೆ ಎನ್ನುತ್ತಾರೆ. 1970ರ ದಶಕದ ಕೊನೆಯ ಹೊತ್ತಿಗೆ ಆ ದೇಶದ ಮೂರನೇ ಒಂದು ಪಾಲಿನಷ್ಟು ಕುಟುಂಬಗಳು ಇಂಥ ಮನೆಗಳಲ್ಲಿದ್ದವು. ಮನೆಗಳ ಒಟ್ಟು ಸಂಖ್ಯೆ ಆಗ 65 ಲಕ್ಷದ ಆಸುಪಾಸು. ಇಂದು ಇಂಗ್ಲೆಂಡಿನ ಕೌನ್ಸಿಲ್‌ಗಳ ಕೈಯಲ್ಲಿ ಉಳಿದಿರುವುದು ಸುಮಾರು 16 ಲಕ್ಷ. ಈ ಏರಿಳಿತವನ್ನು ಎಡ-ಬಲಗಳ ಜಗಳವಾಗಿ ಹೇಳುವುದು ರೂಢಿ. ಅದರಿಂದ ಅರ್ಧ ಮಾತ್ರ ತಿಳಿಯುತ್ತದೆ. ಕನ್ಸರ್ವೇಟಿವ್ ಸರ್ಕಾರಗಳೂ ಲಕ್ಷಗಟ್ಟಲೆ ಕೌನ್ಸಿಲ್ ಮನೆ ಕಟ್ಟಿಸಿವೆ, ಲೇಬರ್ ಸರ್ಕಾರಗಳೂ ಕೈಕಟ್ಟಿ ಕೂತಿವೆ. ಯಾವ ಪಕ್ಷ ಬಂದರೂ ಬದಲಾಗದೆ ಉಳಿದದ್ದು ಒಂದೇ: ಮನೆ ಕೊಡುವ ಹೊಣೆ ಊರಿನ ಕೌನ್ಸಿಲಿನದು, ಹಣದ ಬೀಗದ ಕೈ ಲಂಡನ್ನಿನ ಖಜಾನೆಯದು.

ಸ್ಥಳೀಯ ಆಡಳಿತಕ್ಕೆ ಬ್ರಿಟನ್ನಿನಲ್ಲಿ ಸಂವಿಧಾನದ ಆಸರೆಯಿಲ್ಲ. ಪಾರ್ಲಿಮೆಂಟು ಕಾಯಿದೆ ಮಾಡಿ ಕೌನ್ಸಿಲನ್ನು ಹುಟ್ಟಿಸಬಹುದು, ಒಡೆಯಬಹುದು, ಅಳಿಸಿಹಾಕಬಹುದು. 1986ರಲ್ಲಿ ಗ್ರೇಟರ್ ಲಂಡನ್ ಕೌನ್ಸಿಲನ್ನು ಹೀಗೆಯೇ ಅಳಿಸಲಾಯಿತು. ಆ ಬಳಿಕ 14 ವರ್ಷ ಲಂಡನ್ ಮಹಾನಗರಕ್ಕೆ ತನ್ನದೆಂಬ ಚುನಾಯಿತ ಸರ್ಕಾರವೇ ಇರಲಿಲ್ಲ. ಈಗ ಇಂಗ್ಲೆಂಡಿನಲ್ಲಿ 317, ಸ್ಕಾಟ್ಲೆಂಡಿನಲ್ಲಿ 32, ವೇಲ್ಸ್‌ನಲ್ಲಿ 22, ಉತ್ತರ ಐರ್ಲೆಂಡಿನಲ್ಲಿ 11 ಕೌನ್ಸಿಲ್‌ಗಳಿವೆ. ಇಂಗ್ಲೆಂಡಿನ ಹಲವು ಭಾಗಗಳಲ್ಲಿ ಎರಡು ಹಂತದ ವ್ಯವಸ್ಥೆ ಉಂಟು. ಶಾಲೆ, ರಸ್ತೆ, ವೃದ್ಧರ ಆರೈಕೆ ಕೌಂಟಿ ಕೌನ್ಸಿಲಿಗೆ ಸೇರಿದರೆ, ವಸತಿ, ಕಟ್ಟಡ ಪರವಾನಗಿ, ಮನೆ ಬಾಗಿಲಿನ ಕಸ ಜಿಲ್ಲಾ ಕೌನ್ಸಿಲಿಗೆ. ಗೋಡೆ ಜಿನುಗಿದರೆ ಒಂದು ಕಚೇರಿ, ಬಾಗಿಲ ಮುಂದಿನ ರಸ್ತೆ ಗುಂಡಿ ಬಿದ್ದರೆ ಇನ್ನೊಂದು. ಬರೋ ಎಂದು ಕರೆಯುವ ಲಂಡನ್ನಿನ ಸ್ಥಳೀಯ ವಿಭಾಗಗಳಲ್ಲಿ ಎರಡೂ ಒಂದೇ ಕಡೆ. ಲಂಡನ್ ನಗರಕ್ಕೆ, ಕೆಲವು ಬರೋಗಳಿಗೆ ನೇರವಾಗಿ ಚುನಾಯಿತರಾದ ಮೇಯರ್ ಇದ್ದಾರೆ. ಉಳಿದ ಬಹುತೇಕ ಕಡೆ ಮೇಯರ್ ಎಂದರೆ ಒಂದು ವರ್ಷದ ಗೌರವ ಹುದ್ದೆ, ಅಧಿಕಾರವೆಲ್ಲ ಕೌನ್ಸಿಲಿನ ನಾಯಕನದು. ಥೇಮ್ಸ್ ದಂಡೆಯಲ್ಲಿ ಬಸವೇಶ್ವರರ ಪ್ರತಿಮೆ ನಿಲ್ಲಿಸಿದ ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್ ಲ್ಯಾಂಬೆತ್ ಬರೋದಲ್ಲಿ ಅಲಂಕರಿಸಿದ್ದು ಇಂಥ ಹುದ್ದೆಯನ್ನೇ.

ಕೊಳೆಗೇರಿಯಿಂದ ಬಾಡಿಗೆ ಮುಷ್ಕರದವರೆಗೆ

ಲಿವರ್‌ಪೂಲ್ ನಗರಾಡಳಿತ 1869ರಲ್ಲಿ ಕಟ್ಟಿಸಿದ ಸೇಂಟ್ ಮಾರ್ಟಿನ್ಸ್ ಕಾಟೇಜಸ್ ಈ ಬಗೆಯ ಮೊದಲ ಮನೆಗಳೆಂದು ಹೆಸರಾಗಿವೆ. ಕಾಯಿದೆಯ ಬಲ ಬಂದದ್ದು 1890ರಲ್ಲಿ. ಅದರ ಹಿಂದಿನ ವರ್ಷ ಹುಟ್ಟಿದ್ದ ಲಂಡನ್ ಕೌಂಟಿ ಕೌನ್ಸಿಲ್ ನಗರದ ಪೂರ್ವಭಾಗದ ಓಲ್ಡ್ ನಿಕೋಲ್ ಎಂಬ ಕುಖ್ಯಾತ ಕೊಳೆಗೇರಿಯನ್ನು ಕೆಡವಿ, ಬೌಂಡರಿ ಎಸ್ಟೇಟ್ ಕಟ್ಟಿಸಿ, 1900ರಲ್ಲಿ ಉದ್ಘಾಟಿಸಿತು. ಕೆಡವಿದ ಮನೆಗಳ ಮಣ್ಣುಕಲ್ಲನ್ನು ನಡುವೆ ಗುಡ್ಡವಾಗಿ ಒಟ್ಟಿ, ಮೇಲೊಂದು ವಾದ್ಯಮಂಟಪ ನಿಲ್ಲಿಸಿದರು. ಅದು ಇಂದಿಗೂ ಇದೆ. ಕೆಂಪು ಇಟ್ಟಿಗೆಯ ಆ ಕಟ್ಟಡಗಳು ಚೆಲುವಾಗಿವೆ, ಅನುಮಾನವಿಲ್ಲ. ಆದರೆ ಎತ್ತಂಗಡಿಯಾದ ಐದು ಸಾವಿರಕ್ಕೂ ಹೆಚ್ಚು ಜನರ ಪೈಕಿ ಹೊಸ ಮನೆಗೆ ಬಂದವರು 11 ಮಂದಿ. ಬಾಡಿಗೆ ಕೈಗೆಟುಕದೆ ಉಳಿದವರು ಪಕ್ಕದ ಕೊಳೆಗೇರಿಗಳಿಗೆ ಸರಿದರು. ಬಡವರ ಹೆಸರಿನಲ್ಲಿ ಕಟ್ಟಿದ ಮನೆ ಬಡವರಿಗೆ ಸಿಗದ ಈ ತೊಡಕು ಮುಂದಿನ ನೂರು ವರ್ಷದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ.

ಮೊದಲ ಮಹಾಯುದ್ಧದವರೆಗೆ ಇವೆಲ್ಲ ಬಿಡಿ ಪ್ರಯತ್ನಗಳು. ಹತ್ತರಲ್ಲಿ ಒಂಬತ್ತರಷ್ಟು ಕುಟುಂಬಗಳು ಖಾಸಗಿ ಬಾಡಿಗೆ ಮನೆಯಲ್ಲಿದ್ದ ಕಾಲ ಅದು. 1915ರಲ್ಲಿ ಗ್ಲಾಸ್ಗೋದ ಮನೆ ಮಾಲೀಕರು, ಗಂಡಸರು ಯುದ್ಧಕ್ಕೆ ಹೋಗಿರುವ ಹೊತ್ತು ನೋಡಿ ಬಾಡಿಗೆ ಏರಿಸಿದರು. ಮೇರಿ ಬಾರ್ಬರ್ ಮುಂದಾಳತ್ವದಲ್ಲಿ ಹೆಂಗಸರು ಬಾಡಿಗೆ ಕೊಡುವುದನ್ನೇ ನಿಲ್ಲಿಸಿದರು. ಮನೆ ಖಾಲಿ ಮಾಡಿಸಲು ಬಂದ ಅಮೀನರನ್ನು ಓಣಿಯ ಹೆಂಗಸರೆಲ್ಲ ಸೇರಿ ಅಟ್ಟಿದರು. ಹಡಗುಕಟ್ಟೆಯ ಕಾರ್ಮಿಕರೂ ಜೊತೆಗೂಡಿದಾಗ ಸರ್ಕಾರ ಬೆದರಿ, ಅದೇ ವರ್ಷ ಬಾಡಿಗೆಗೆ ಮಿತಿ ಹಾಕುವ ಕಾಯಿದೆ ತಂದಿತು. ಬ್ರಿಟನ್ನಿನ ವಸತಿ ನೀತಿಯ ನಿಜವಾದ ಆರಂಭ ಇದು ಎನ್ನಲು ಅಡ್ಡಿಯಿಲ್ಲ. ಬಾಡಿಗೆಗೆ ಮಿತಿ ಬಿದ್ದಮೇಲೆ ಖಾಸಗಿಯವರು ಬಡವರಿಗಾಗಿ ಮನೆ ಕಟ್ಟಲಾರರು, ಹಾಗಾದರೆ ಇನ್ನಾರು ಕಟ್ಟಬೇಕು ಎಂಬ ಪ್ರಶ್ನೆ ಎದ್ದಿತು.

ಉತ್ತರ 1919ರ ಅಡಿಸನ್ ಕಾಯಿದೆ. ಯುದ್ಧದಿಂದ ಮರಳುವ ವೀರರಿಗೆ ತಕ್ಕ ಮನೆ ಎಂಬ ಪ್ರಧಾನಿ ಲಾಯ್ಡ್ ಜಾರ್ಜ್ ಅವರ ವಾಗ್ದಾನಕ್ಕೆ ಕಾಯಿದೆಯ ರೂಪ ಕೊಟ್ಟವರು ಸಚಿವ ಕ್ರಿಸ್ಟೋಫರ್ ಅಡಿಸನ್. ಕೌನ್ಸಿಲ್ ಹೊರಬೇಕಾದ ನಷ್ಟಕ್ಕೆ ಮಿತಿ ಗೊತ್ತುಮಾಡಿ, ಸ್ಥಳೀಯ ತೆರಿಗೆಯಲ್ಲಿ ಪೌಂಡಿಗೆ ಒಂದು ಪೆನ್ನಿಯ ಆಚೆಗಿನ ನಷ್ಟವೆಲ್ಲ ಕೇಂದ್ರದ್ದು ಎಂದು ಬರೆದರು. ಮೂರು ವರ್ಷದಲ್ಲಿ 5 ಲಕ್ಷ ಮನೆ ಗುರಿಯಾಗಿತ್ತು. ಸುಮಾರು 2 ಲಕ್ಷ ಕಟ್ಟುವಷ್ಟರಲ್ಲಿ ಖಜಾನೆ ಕತ್ತರಿ ಹಾಕಿತು, ಅಡಿಸನ್ ಹುದ್ದೆಯೂ ಹೋಯಿತು. 1924ರಲ್ಲಿ ಮೊದಲ ಲೇಬರ್ ಸರ್ಕಾರದ ಜಾನ್ ವೀಟ್ಲಿ ತಂದ ಕಾಯಿದೆ ಹೆಚ್ಚು ಬಾಳಿಕೆ ಬಂತು. ಪ್ರತಿ ಮನೆಗೆ ವರ್ಷಕ್ಕೆ 9 ಪೌಂಡಿನಂತೆ 40 ವರ್ಷ ಕೇಂದ್ರದ ನೆರವು. ಸಾಲ ತಂದ ಕೌನ್ಸಿಲಿಗೆ ಕಂತು ಕಟ್ಟುವ ಧೈರ್ಯ ಬಂದದ್ದು ಇದರಿಂದ. ಸರ್ಕಾರ ಕೆಲವೇ ತಿಂಗಳು ಬಾಳಿದರೂ ಕಾಯಿದೆ ಉಳಿದು, ಸುಮಾರು 5 ಲಕ್ಷ ಮನೆಗಳಾದವು.

ಲಂಡನ್ನಿನ ಪೂರ್ವಕ್ಕೆ, ಡ್ಯಾಗೆನ್‌ಹ್ಯಾಮ್ ಬಳಿಯ ಬೆಕನ್‌ಟ್ರೀ ಈ ಕಾಲದ ಅತಿ ದೊಡ್ಡ ಬಡಾವಣೆ. 1921ರಿಂದ ಹದಿನಾಲ್ಕು ವರ್ಷದಲ್ಲಿ ಸುಮಾರು 26,000 ಮನೆ. ಒಳಗೇ ನಲ್ಲಿ, ಒಳಗೇ ಶೌಚ, ಹಿಂದೆ ಮುಂದೆ ಕೈತೋಟ. ಜೊತೆಗೊಂದು ನಿಯಮಾವಳಿಯೂ ಬರುತ್ತಿತ್ತು: ಕಿಟಕಿ ಗಾಜು ಒರೆಸುತ್ತಿರಬೇಕು, ಬೇಲಿ ಕತ್ತರಿಸುತ್ತಿರಬೇಕು. ಕೌನ್ಸಿಲ್ ಅಲ್ಲಿ ಮಾಲೀಕನೂ ಹೌದು, ಮನೆಯ ಹಿರಿಯನೂ ಹೌದು.

ಅದೇ 1921ರಲ್ಲಿ, ಲಂಡನ್ನಿನ ಪಾಪ್ಲರ್ ಬರೋದ 30 ಕೌನ್ಸಿಲರ್‌ಗಳು ಜೈಲಿಗೆ ಹೋದರು. ಬಡವರ ಬರೋಗಳು ತಮ್ಮ ನಿರುದ್ಯೋಗಿಗಳನ್ನು ತಾವೇ ಸಾಕಬೇಕಿತ್ತು. ಸಿರಿವಂತ ಬರೋಗಳಲ್ಲಿ ನಿರುದ್ಯೋಗಿಗಳೂ ಕಡಿಮೆ, ತೆರಿಗೆಯೂ ಕಡಿಮೆ. ಇದು ಅನ್ಯಾಯವೆಂದು ಜಾರ್ಜ್ ಲ್ಯಾನ್ಸ್‌ಬರಿ ಮತ್ತು ಸಂಗಡಿಗರು ಲಂಡನ್ ಕೌಂಟಿ ಕೌನ್ಸಿಲಿಗೆ ಸಲ್ಲಬೇಕಾದ ತೆರಿಗೆಯನ್ನು ತಡೆಹಿಡಿದರು. ಆರು ವಾರದಲ್ಲಿ ಸರ್ಕಾರ ಮಣಿದು, ಹೊರೆಯನ್ನು ಎಲ್ಲ ಬರೋಗಳಿಗೂ ಹಂಚುವ ಕಾಯಿದೆ ಮಾಡಿತು. ಕೇಂದ್ರದೊಂದಿಗೆ ಜಟಾಪಟಿಗೆ ಇಳಿದು ಕೌನ್ಸಿಲ್ ಸ್ಪಷ್ಟವಾಗಿ ಗೆದ್ದ ಉದಾಹರಣೆ ಇದನ್ನು ಬಿಟ್ಟರೆ ಸಿಗುವುದು ಕಷ್ಟ. 1972ರಲ್ಲಿ ಬಾಡಿಗೆ ಏರಿಸಲೊಲ್ಲೆವೆಂದ ಡಾರ್ಬಿಶೈರಿನ ಕ್ಲೇ ಕ್ರಾಸ್‌ನ 11 ಕೌನ್ಸಿಲರ್‌ಗಳಿಗೆ, 1985ರಲ್ಲಿ ತೆರಿಗೆ ಗೊತ್ತುಮಾಡದೆ ಕೇಂದ್ರವನ್ನು ಧಿಕ್ಕರಿಸಿದ ಲಿವರ್‌ಪೂಲಿನವರಿಗೆ ಸಿಕ್ಕಿದ್ದು ದಂಡ ಮತ್ತು ಅನರ್ಹತೆ.

ಬೆವನ್, ಮ್ಯಾಕ್‌ಮಿಲನ್, ಗೋಪುರಗಳು

ಎರಡನೇ ಮಹಾಯುದ್ಧದ ಬಾಂಬುಗಳು ಲಕ್ಷಾಂತರ ಮನೆಗಳನ್ನು ಹಾಳುಗೆಡವಿದ್ದವು. 1945ರ ಲೇಬರ್ ಸರ್ಕಾರದಲ್ಲಿ ಆರೋಗ್ಯ ಮತ್ತು ವಸತಿ ಎರಡನ್ನೂ ನೋಡಿಕೊಂಡವರು ಅನ್ಯೂರಿನ್ ಬೆವನ್. ರಾಷ್ಟ್ರೀಯ ಆರೋಗ್ಯ ಸೇವೆಯ ಸ್ಥಾಪಕರೆಂದು ಅವರ ಹೆಸರು ಲೋಕಕ್ಕೆ ಗೊತ್ತು. ಅವರ ಮನೆಗಳನ್ನು ನೆನೆಯುವವರು ಕಡಿಮೆ. ಮೂರು ಮಲಗುವ ಕೋಣೆಯ ಮನೆ 900 ಚದರಡಿಗೆ ಕಡಿಮೆಯಿರಕೂಡದು, ಮಹಡಿ ಮೇಲೊಂದು, ಕೆಳಗೊಂದು ಶೌಚಾಲಯ ಇರಬೇಕು ಎಂದು ಪಟ್ಟುಹಿಡಿದರು. ಮನೆ ತಡವಾಗುತ್ತಿದೆ ಎಂಬ ಕೂಗಿಗೆ ಜಗ್ಗಲಿಲ್ಲ. 1949ರ ಕಾಯಿದೆ ಕೌನ್ಸಿಲ್ ಮನೆ ಕಾರ್ಮಿಕ ವರ್ಗಕ್ಕೆ ಮಾತ್ರ ಎಂಬ ಹಳೆಯ ನಿರ್ಬಂಧವನ್ನು ತೆಗೆದುಹಾಕಿತು. ವೈದ್ಯ, ಕಿರಾಣಿ ಅಂಗಡಿಯವ, ಹೊಲದ ಆಳು ಒಂದೇ ಬೀದಿಯಲ್ಲಿರಬೇಕೆಂಬುದು ಬೆವನ್‌ರ ಆಸೆ. ಆರು ವರ್ಷದಲ್ಲಿ ಹತ್ತು ಲಕ್ಷಕ್ಕೂ ಮೀರಿ ಮನೆಗಳಾದವು. ಐದರಲ್ಲಿ ನಾಲ್ಕು ಕೌನ್ಸಿಲಿನವು. ಜೊತೆಜೊತೆಗೇ 1946ರ ನವನಗರ ಕಾಯಿದೆ ಬಂತು, 1947ರ ಯೋಜನಾ ಕಾಯಿದೆಯೂ ಬಂತು. ಎರಡನೆಯದರಿಂದ, ನೆಲ ತನ್ನದಾದರೂ ಸ್ಥಳೀಯ ಸಂಸ್ಥೆಯ ಅನುಮತಿ ಇಲ್ಲದೆ ಕಟ್ಟುವ ಹಕ್ಕು ಯಾರಿಗೂ ಉಳಿಯಲಿಲ್ಲ. ಇಂದು ಮನೆ ಸಾಲದೆಂದು ದೂರುವವರು ಬೊಟ್ಟುಮಾಡುವುದು ಹೆಚ್ಚಾಗಿ ಈ ಕಾಯಿದೆಯತ್ತ, ಮತ್ತು ನಗರಗಳ ಸುತ್ತ ಕಟ್ಟಡಗಳನ್ನು ನಿರ್ಬಂಧಿಸುವ ಹಸಿರು ಪಟ್ಟಿಯತ್ತ.

1951ರಲ್ಲಿ ಬಂದ ಕನ್ಸರ್ವೇಟಿವರು ವರ್ಷಕ್ಕೆ 3 ಲಕ್ಷ ಮನೆ ಎಂದು ಮಾತು ಕೊಟ್ಟರು. ವಸತಿ ಸಚಿವ ಹೆರಾಲ್ಡ್ ಮ್ಯಾಕ್‌ಮಿಲನ್ 1953ರಲ್ಲೇ ಅದನ್ನು ಸಾಧಿಸಿದರು, ಮನೆಯ ಅಳತೆ ಕುಗ್ಗಿಸಿ. ಮುಂದೆ ಪ್ರಧಾನಿಯಾಗಲು ಅವರಿಗೆ ಇದು ಮೆಟ್ಟಿಲಾಯಿತು. ಬಳಿಕ ಎರಡೂ ಪಕ್ಷಗಳು ಸಂಖ್ಯೆಯ ಪೈಪೋಟಿಗೆ ಬಿದ್ದವು. 1956ರ ಕಾಯಿದೆ ಕಟ್ಟಡ ಎತ್ತರವಾದಷ್ಟೂ ಹೆಚ್ಚು ಸಹಾಯಧನ ಎಂದಿತು. ಗೋಪುರ ಕಟ್ಟಡಗಳು ಯಾಕೆ ಹುಟ್ಟಿದವು ಎಂಬುದಕ್ಕೆ ವಾಸ್ತುಶಿಲ್ಪಿ ಲೆ ಕಾರ್ಬುಸಿಯೆಯ ಪ್ರಭಾವದ ಬಗ್ಗೆ ಪುಟಗಟ್ಟಲೆ ಬರೆದವರಿದ್ದಾರೆ. ಸಹಾಯಧನದ ಈ ಪಟ್ಟಿ ಓದಿದರೆ ಉತ್ತರದ ಬಹುಪಾಲು ಸಿಗುತ್ತದೆ. ಕಾರ್ಖಾನೆಯಲ್ಲಿ ಎರಕಹೊಯ್ದ ಕಾಂಕ್ರೀಟ್ ಫಲಕಗಳನ್ನು ತಂದು ಜೋಡಿಸುವ ದೊಡ್ಡ ಗುತ್ತಿಗೆ ಕಂಪನಿಗಳಿಗೆ ಸುಗ್ಗಿ ಬಂತು. ಲಂಚವೂ ಹಿಂದೆಯೇ ಬಂತು. ಜಾನ್ ಪೌಲ್ಸನ್ ಎಂಬ ವಾಸ್ತುಶಿಲ್ಪಿಯ ಹಗರಣದಲ್ಲಿ ನ್ಯೂಕಾಸಲ್ ಕೌನ್ಸಿಲಿನ ಪ್ರಬಲ ನಾಯಕರಾಗಿದ್ದ ಟಿ. ಡ್ಯಾನ್ ಸ್ಮಿತ್ 1974ರಲ್ಲಿ ಜೈಲು ಸೇರಿದರು.

1968ರ ಮೇ 16ರ ಬೆಳಗಿನ ಜಾವ ಪೂರ್ವ ಲಂಡನ್ನಿನ ನ್ಯೂಹ್ಯಾಮ್ ಬರೋದ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಕಟ್ಟಡದಲ್ಲಿ, 18ನೇ ಮಹಡಿಯ ಬಾಡಿಗೆದಾರರೊಬ್ಬರು ಚಹಾ ಕಾಯಿಸಲೆಂದು ಒಲೆಗೆ ಬೆಂಕಿಕಡ್ಡಿ ಗೀರಿದರು. ಸೋರಿದ್ದ ಅನಿಲ ಸಿಡಿಯಿತು. ಹೊರಗೋಡೆಯ ಫಲಕ ಹಾರಿಹೋಗಿ, ಆಸರೆ ತಪ್ಪಿದ ಮೇಲಿನ ಮನೆಗಳು ಕೆಳಗಿನವುಗಳ ಮೇಲೆ ಬಿದ್ದು, ಕಟ್ಟಡದ ಒಂದು ಮೂಲೆ ತುದಿಯಿಂದ ಬುಡದವರೆಗೆ ಕಳಚಿತು. ನಾಲ್ವರು ಸತ್ತರು. ಜನ ವಾಸಕ್ಕೆ ಬಂದು ಎರಡು ತಿಂಗಳಾಗಿತ್ತಷ್ಟೆ. ದುರಸ್ತಿ ಮಾಡಿ ಮತ್ತೆ ಜನರನ್ನು ತುಂಬಿದರು. 1986ರಲ್ಲಿ ಬಿಚ್ಚಿ ಕೆಡವುವಾಗ ಫಲಕಗಳ ಸಂದುಗಳಲ್ಲಿ ಕಾಂಕ್ರೀಟಿನ ಬದಲು ಹಳೆಯ ಪತ್ರಿಕೆಗಳನ್ನು ತುರುಕಿದ್ದು ಕಂಡಿತು. ವಿಚಿತ್ರವೆಂದರೆ, ಮನೆ ನಿರ್ಮಾಣ ಬ್ರಿಟನ್ನಿನಲ್ಲಿ ತುಟ್ಟತುದಿ ಮುಟ್ಟಿದ್ದೂ 1968ರಲ್ಲೇ. ಆ ವರ್ಷ ಸರ್ಕಾರಿ, ಖಾಸಗಿ ಎಲ್ಲ ಸೇರಿ 4 ಲಕ್ಷಕ್ಕೂ ಹೆಚ್ಚು ಮನೆಗಳಾದವು. ಆ ಸಂಖ್ಯೆ ಮತ್ತೆಂದೂ ಬಂದಿಲ್ಲ. ಎಲ್ಲವೂ ರೋನನ್ ಪಾಯಿಂಟಿನಂತಿರಲಿಲ್ಲ ಎಂಬುದನ್ನೂ ಹೇಳಬೇಕು. ಶೆಫೀಲ್ಡ್‌ನ ಪಾರ್ಕ್ ಹಿಲ್, ಕ್ಯಾಮ್ಡನ್ ಬರೋಕ್ಕಾಗಿ ನೀವ್ ಬ್ರೌನ್ ರೂಪಿಸಿದ ಅಲೆಕ್ಸಾಂಡ್ರಾ ರೋಡ್ ಇಂದು ಸಂರಕ್ಷಿತ ಕಟ್ಟಡಗಳು.

ಮನೆ ಯಾರಿಗೆ

ಮನೆ ಹಂಚುವ ಅಧಿಕಾರ ಕೌನ್ಸಿಲಿನದಾದ್ದರಿಂದ ಆ ಪಟ್ಟಿಯಲ್ಲೇ ರಾಜಕೀಯದ ತಿರುಳಿತ್ತು. ಊರಿನಲ್ಲಿ ಇಂತಿಷ್ಟು ವರ್ಷ ಇದ್ದವರಿಗೇ ಮನೆ ಎಂಬ ನಿಯಮ ಕೆರಿಬಿಯನ್ ದ್ವೀಪಗಳಿಂದ, ಭಾರತ-ಪಾಕಿಸ್ತಾನಗಳಿಂದ ಬಂದವರನ್ನು ಹೊರಗಿಟ್ಟಿತು. ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆಥಿಕ್‌ನ ಕಬ್ಬಿಣದ ಕುಲುಮೆಗಳಲ್ಲಿ ಪಂಜಾಬಿಗಳು ದುಡಿಯುತ್ತಿದ್ದರು. ಅಲ್ಲಿನ ಕೌನ್ಸಿಲ್ ಮಾರ್ಷಲ್ ಸ್ಟ್ರೀಟ್‌ನಲ್ಲಿ ಖಾಲಿಯಾದ ಮನೆಗಳನ್ನು ತಾನೇ ಕೊಂಡು ಬಿಳಿಯರಿಗಷ್ಟೇ ಕೊಡಲು ಹೊರಟಿತು. 1965ರಲ್ಲಿ ಅಮೆರಿಕದ ಕಪ್ಪುಜನರ ನಾಯಕ ಮಾಲ್ಕಮ್ ಎಕ್ಸ್ ಆ ಬೀದಿಗೆ ಬಂದು ನಡೆದುಹೋದರು. ಕರೆಸಿದವರು ಅಲ್ಲಿನ ಭಾರತೀಯ ಕಾರ್ಮಿಕರ ಸಂಘದವರು. ಯೋಜನೆ ನಿಂತದ್ದು ಸಾಲಕ್ಕೆ ಒಪ್ಪಿಗೆ ಕೊಡಲು ವಸತಿ ಸಚಿವ ರಿಚರ್ಡ್ ಕ್ರಾಸ್‌ಮನ್ ನಿರಾಕರಿಸಿದ್ದರಿಂದ. ಕೇಂದ್ರದ ಹಿಡಿತ ನ್ಯಾಯದ ಪರವಾಗಿ ಕೆಲಸ ಮಾಡಿದ್ದೂ ಉಂಟು ಎನ್ನಲು ಈ ಪ್ರಸಂಗ ಸಾಕು.

ಉತ್ತರ ಐರ್ಲೆಂಡಿನಲ್ಲಿ ಮನೆ ಹಂಚಿಕೆ ಬೆಂಕಿಗೇ ಕಾರಣವಾಯಿತು. ಅಲ್ಲಿ 1960ರ ದಶಕದ ಕೊನೆಯವರೆಗೂ ಸ್ಥಳೀಯ ಚುನಾವಣೆಯ ಮತ ಮನೆಯ ಮಾಲೀಕರಿಗೆ, ಬಾಡಿಗೆದಾರರಿಗೆ ಮತ್ತು ಅವರ ಸಂಗಾತಿಗಳಿಗೆ ಮಾತ್ರ. ಎಂದರೆ ಮನೆ ಕೊಟ್ಟರೆ ಮತ ಕೊಟ್ಟಂತೆ. ಪ್ರೊಟೆಸ್ಟೆಂಟರ ಹಿಡಿತದ ಕೌನ್ಸಿಲ್‌ಗಳು ಕ್ಯಾಥೊಲಿಕರಿಗೆ ಮನೆ ಕೊಡಲು ಹಿಂದೇಟು ಹಾಕಿದ್ದು ಇದೇ ಲೆಕ್ಕಾಚಾರದಿಂದ. 1968ರ ಜೂನ್‌ನಲ್ಲಿ ಕ್ಯಾಲಿಡನ್ ಹಳ್ಳಿಯಲ್ಲಿ ಮಕ್ಕಳೊಂದಿಗರು ಕಾದಿರುವಾಗ ಮದುವೆಯಾಗದ ಹತ್ತೊಂಬತ್ತರ ಪ್ರೊಟೆಸ್ಟೆಂಟ್ ಯುವತಿಗೆ ಮನೆ ಸಿಕ್ಕಿತು. ಶಾಸಕ ಆಸ್ಟಿನ್ ಕರಿ ಅದೇ ಮನೆ ಹೊಕ್ಕು ಧರಣಿ ಕೂತರು. ನಾಗರಿಕ ಹಕ್ಕುಗಳ ಮೊದಲ ಮೆರವಣಿಗೆ ಹೊರಟದ್ದು ಎರಡು ತಿಂಗಳ ನಂತರ. 1971ರಲ್ಲಿ ಮನೆ ಹಂಚಿಕೆಯನ್ನು ಅಲ್ಲಿನ ಕೌನ್ಸಿಲ್‌ಗಳಿಂದ ಕಿತ್ತು ಪ್ರತ್ಯೇಕ ವಸತಿ ಮಂಡಳಿಗೆ ಕೊಟ್ಟರು. ಇಂದಿಗೂ ಹಾಗೆಯೇ ಇದೆ.

ಕೊಳ್ಳುವ ಹಕ್ಕು

ಮಾರ್ಗರೆಟ್ ಥ್ಯಾಚರ್ ಸರ್ಕಾರದ 1980ರ ವಸತಿ ಕಾಯಿದೆ ಕೌನ್ಸಿಲ್ ಬಾಡಿಗೆದಾರನಿಗೆ ತಾನಿರುವ ಮನೆಯನ್ನು ಕೊಳ್ಳುವ ಹಕ್ಕು ಕೊಟ್ಟಿತು. ಮೂರು ವರ್ಷ ಇದ್ದವರಿಗೆ ಮಾರುಕಟ್ಟೆ ಬೆಲೆಯಲ್ಲಿ ಶೇ 33 ರಿಯಾಯಿತಿ, ಇಪ್ಪತ್ತು ವರ್ಷ ಇದ್ದವರಿಗೆ ಶೇ 50. ಮುಂದೆ ಫ್ಲ್ಯಾಟುಗಳಿಗೆ ಶೇ 70ರವರೆಗೂ ಹೋಯಿತು. ಮನೆ ಮಾರಾಟ ಅದಕ್ಕೂ ಮೊದಲೇ ಇತ್ತು, ಆದರೆ ಅದು ಕೌನ್ಸಿಲಿನ ಇಚ್ಛೆ. ಈಗ ಬೇಡವೆನ್ನುವ ಅಧಿಕಾರ ಹೋಯಿತು. ನಾರ್ವಿಚ್ ನಗರದ ಲೇಬರ್ ಕೌನ್ಸಿಲ್ ಮಾರಾಟವನ್ನು ನಿಧಾನಿಸಿದಾಗ ಸಚಿವ ಮೈಕೆಲ್ ಹೆಸಲ್ಟೈನ್ ಆ ಕೆಲಸವನ್ನೇ ತಮ್ಮ ಇಲಾಖೆಗೆ ತೆಗೆದುಕೊಂಡರು, 1982ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಯೋಜನೆ ಜನಪ್ರಿಯವಾಯಿತು. ಇದನ್ನು ಮುಚ್ಚಿಟ್ಟು ಬರೆಯುವುದು ಪ್ರಾಮಾಣಿಕವಲ್ಲ. ಸಾಲುಮನೆಗಳಿಗೆಲ್ಲ ಕೌನ್ಸಿಲ್ ಒಂದೇ ಬಣ್ಣ ಬಳಿಯುತ್ತಿದ್ದ ಕಾಲದಲ್ಲಿ, ಮನೆ ಕೊಂಡವರು ಮೊದಲು ಬದಲಾಯಿಸುತ್ತಿದ್ದುದು ಮುಂಬಾಗಿಲನ್ನು. ಬೀದಿಯಲ್ಲಿ ನಡೆದರೆ ಯಾವುದು ಮಾರಾಟವಾಗಿದೆ ಎಂದು ಬಾಗಿಲೇ ಹೇಳುತ್ತಿತ್ತು. ತಲೆಮಾರುಗಳಿಂದ ಬಾಡಿಗೆ ಕಟ್ಟಿದ ಲಕ್ಷಾಂತರ ದುಡಿಯುವ ಕುಟುಂಬಗಳಿಗೆ ಮೊದಲ ಬಾರಿ ಆಸ್ತಿ ಸಿಕ್ಕಿತು. ನೀತಿಯ ಕೇಡು ಮಾರಿದ್ದರಲ್ಲಿ ಇರಲಿಲ್ಲ, ಮಾರಿದ ಹಣದಲ್ಲಿ ಮತ್ತೆ ಕಟ್ಟಗೊಡದ್ದರಲ್ಲಿ ಇತ್ತು. ಬಂದ ಹಣದ ಸಣ್ಣ ಪಾಲನ್ನಷ್ಟೇ ಹೊಸ ಮನೆಗೆ ಬಳಸಲು ಕೌನ್ಸಿಲಿಗೆ ಅನುಮತಿಯಿತ್ತು. ಇಂಗ್ಲೆಂಡಿನಲ್ಲಿ ಈವರೆಗೆ ಮಾರಾಟವಾದದ್ದು ಸುಮಾರು 20 ಲಕ್ಷ ಮನೆ. ಅವುಗಳಲ್ಲಿ ಗಣನೀಯ ಪಾಲು, ಮುಖ್ಯವಾಗಿ ಲಂಡನ್ನಿನ ಫ್ಲ್ಯಾಟುಗಳು, ಈಗ ಖಾಸಗಿ ಮಾಲೀಕರ ಕೈಸೇರಿವೆ. ಮನೆಯಿಲ್ಲದವರನ್ನು ಇರಿಸಲು ಕೌನ್ಸಿಲ್ ತಾನೇ ಹಿಂದೆ ಮಾರಿದ ಫ್ಲ್ಯಾಟನ್ನು ದುಬಾರಿ ಬಾಡಿಗೆಗೆ ಪಡೆಯುವುದೂ ನಡೆಯುತ್ತಿದೆ. ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ಈ ಹಕ್ಕನ್ನು ರದ್ದುಮಾಡಿದವು.

ಮನೆ ಮಾರಾಟವನ್ನೇ ಮತದ ಉಪಾಯ ಮಾಡಿಕೊಂಡದ್ದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್. ನಾಯಕಿ ಶರ್ಲಿ ಪೋರ್ಟರ್ 1980ರ ದಶಕದ ಕೊನೆಯಲ್ಲಿ, ಗೆಲುವು ಅನುಮಾನವಾಗಿದ್ದ ಎಂಟು ವಾರ್ಡುಗಳಲ್ಲಿ ಖಾಲಿಯಾದ ಕೌನ್ಸಿಲ್ ಮನೆಗಳನ್ನು ಬಡವರಿಗೆ ಕೊಡದೆ, ಕನ್ಸರ್ವೇಟಿವ್ ಮತದಾರರಾಗಬಲ್ಲ ಕೊಳ್ಳುಗರಿಗೆ ಮಾರಿಸಿದರು. ಇದು ಕಾನೂನುಬಾಹಿರವೆಂದು 2001ರಲ್ಲಿ, ಆಗ ದೇಶದ ಅತ್ಯುನ್ನತ ನ್ಯಾಯಪೀಠವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಬಡ್ಡಿ ಸೇರಿ 4 ಕೋಟಿ ಪೌಂಡ್ ಮೀರಿದ್ದ ದಂಡ ಕೊನೆಗೆ 2004ರಲ್ಲಿ 1.23 ಕೋಟಿಗೆ ಇತ್ಯರ್ಥವಾಯಿತು.

ಥ್ಯಾಚರ್‌ರನ್ನು ಕೆಡವಿದ್ದೂ ಸ್ಥಳೀಯ ಆಡಳಿತದ ಪ್ರಶ್ನೆಯೇ. ಮನೆಯ ಬೆಲೆ ನೋಡದೆ ತಲೆಗಿಷ್ಟು ಎಂದು ವಿಧಿಸಿದ ಪೋಲ್ ಟ್ಯಾಕ್ಸ್ ಸ್ಕಾಟ್ಲೆಂಡಿನಲ್ಲಿ 1989ಕ್ಕೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1990ಕ್ಕೆ ಬಂತು. ಬಂಗಲೆಯ ಡ್ಯೂಕನಿಗೂ ಅವನ ತೋಟದ ಮಾಲಿಗೂ ಒಂದೇ ಮೊತ್ತ. ಲಕ್ಷಗಟ್ಟಲೆ ಜನ ಕಟ್ಟಲೇ ಇಲ್ಲ, ಟ್ರಫಾಲ್ಗರ್ ಚೌಕದಲ್ಲಿ ಗಲಭೆಯಾಯಿತು, 1990ರ ನವೆಂಬರಿನಲ್ಲಿ ಥ್ಯಾಚರ್ ಇಳಿದರು. 1993ರಲ್ಲಿ ಬದಲಿಗೆ ಬಂದ ಕೌನ್ಸಿಲ್ ತೆರಿಗೆ ಮನೆಗಳನ್ನು ಬೆಲೆಗೆ ತಕ್ಕಂತೆ ಎಂಟು ವರ್ಗ ಮಾಡುತ್ತದೆ. ಆ ಬೆಲೆ 1991ರದು. ಇಂಗ್ಲೆಂಡಿನಲ್ಲಿ ಮರುಮೌಲ್ಯಮಾಪನ ಮಾಡುವ ಧೈರ್ಯ ಅಂದಿನಿಂದ ಯಾವ ಸರ್ಕಾರಕ್ಕೂ ಬಂದಿಲ್ಲ. ಒಂದೇ ಊರಿನಲ್ಲಿ ಅತಿ ದೊಡ್ಡ ಮನೆಯ ತೆರಿಗೆ ಅತಿ ಚಿಕ್ಕದರ ಮೂರು ಪಟ್ಟಿಗಿಂತ ಹೆಚ್ಚಾಗುವಂತಿಲ್ಲ.

ಬರಿಗೈ ಕೌನ್ಸಿಲ್‌ಗಳು

1988ರ ವಸತಿ ಕಾಯಿದೆ ಖಾಸಗಿ ಮಾಲೀಕನಿಗೆ ಕಾರಣ ಹೇಳದೆ ಎರಡು ತಿಂಗಳ ನೋಟಿಸಿನಲ್ಲಿ ಮನೆ ಬಿಡಿಸುವ ಅಧಿಕಾರ ಕೊಟ್ಟಿತು. ಇಂಗ್ಲೆಂಡಿನಲ್ಲಿ ಅದನ್ನು ತೆಗೆಯುವ ಕಾಯಿದೆ ಆದದ್ದು 2025ರಲ್ಲಿ. ಕೌನ್ಸಿಲ್‌ಗಳು ತಮ್ಮ ಮನೆಗಳನ್ನು ವಸತಿ ಸಂಘಗಳೆಂಬ ಲಾಭರಹಿತ ಸಂಸ್ಥೆಗಳಿಗೆ ವಹಿಸತೊಡಗಿದವು. ಲೇಬರ್ ಪ್ರಧಾನಿ ಟೋನಿ ಬ್ಲೇರ್ ಕಾಲದಲ್ಲಿ ಹಳೆಯ ಮನೆಗಳ ದುರಸ್ತಿಗೆ ಹಣ ಬಂತು, ಹೊಸದಕ್ಕೆ ಬರಲಿಲ್ಲ. ಕೆಲವು ವರ್ಷ ಇಡೀ ಇಂಗ್ಲೆಂಡಿನ ಕೌನ್ಸಿಲ್‌ಗಳು ಕಟ್ಟಿದ ಮನೆ ಮುನ್ನೂರನ್ನೂ ದಾಟಲಿಲ್ಲ. ಇಟ್ಟಿಗೆಗೆ ಹೋಗುತ್ತಿದ್ದ ಸರ್ಕಾರದ ಹಣ ಬಾಡಿಗೆ ಭತ್ಯೆಯಾಗಿ ಮಾಲೀಕರ ಕಡೆ ಹರಿಯಿತು. 2013ರಲ್ಲಿ ಆ ಭತ್ಯೆಗೂ ಕೊಕ್ಕೆ ಬಿತ್ತು. ಒಂದು ಕೋಣೆ ಹೆಚ್ಚಿಗಿದ್ದರೆ ಶೇ 14, ಎರಡಿದ್ದರೆ ಶೇ 25 ಕಡಿತ. ಹೋಗಲು ಚಿಕ್ಕ ಮನೆ ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ.

2017ರ ಜೂನ್ 14ರ ರಾತ್ರಿ ಲಂಡನ್ನಿನ ಕೆನ್ಸಿಂಗ್ಟನ್ ಮತ್ತು ಚೆಲ್ಸಿ ಬರೋದ ಗ್ರೆನ್‌ಫೆಲ್ ಟವರ್‌ನ ನಾಲ್ಕನೇ ಮಹಡಿಯಲ್ಲಿ ಫ್ರಿಜ್ಜಿನಿಂದ ಹೊತ್ತಿದ ಕಿಡಿ 24 ಅಂತಸ್ತಿನ ಕಟ್ಟಡವನ್ನು ಸುಟ್ಟಿತು. 72 ಮಂದಿ ಸತ್ತರು. ದೇಶದ ಅತಿ ಸಿರಿವಂತ ಬರೋಗಳಲ್ಲಿ ಒಂದು ಅದು. ನವೀಕರಣದ ವೇಳೆ ಹೊರಮೈಗೆ ಸತುವಿನ ತಗಡಿನ ಬದಲು ಉರಿಯುವ ಪ್ಲಾಸ್ಟಿಕ್ ತುಂಬಿದ ಅಲ್ಯೂಮಿನಿಯಂ ಫಲಕ ಹಾಕಿ ಸುಮಾರು 3 ಲಕ್ಷ ಪೌಂಡ್ ಉಳಿಸಿದ್ದರು. ಅನಾಹುತ ಕಾದಿದೆ ಎಂದು ಬಾಡಿಗೆದಾರರ ಗುಂಪು ತಿಂಗಳುಗಳ ಮೊದಲೇ ಬರೆದಿತ್ತು, ಯಾರೂ ಕಿವಿಗೊಡಲಿಲ್ಲ. ಫಲಕ ತಯಾರಕರ ಮೋಸ, ಸರ್ಕಾರದ ದಶಕಗಳ ಉದಾಸೀನ, ಕೌನ್ಸಿಲ್ ಮತ್ತು ಅದರ ನಿರ್ವಹಣಾ ಸಂಸ್ಥೆಯ ಅಸಡ್ಡೆ ಎಲ್ಲವನ್ನೂ 2024ರ ವಿಚಾರಣಾ ವರದಿ ಬಿಚ್ಚಿಟ್ಟಿತು.

2010ರ ಮಿತವ್ಯಯದ ನಂತರ ಕೇಂದ್ರದ ಅನುದಾನ ಕುಸಿಯಿತು. ತೆರಿಗೆಯನ್ನು ಒಂದು ಮಿತಿ ಮೀರಿ ಏರಿಸಬೇಕಾದರೆ ಊರಿನವರ ಜನಮತ ಕೇಳಬೇಕು. ವೃದ್ಧರ, ಅಂಗವಿಕಲ ಮಕ್ಕಳ ಆರೈಕೆಯ ವೆಚ್ಚ ಮಾತ್ರ ಏರುತ್ತಲೇ ಇದೆ, ಅದನ್ನು ಕಾನೂನಿನಂತೆ ಮಾಡಲೇಬೇಕು. ಕೆಲವು ಕೌನ್ಸಿಲ್‌ಗಳು ಅಗ್ಗದ ಸರ್ಕಾರಿ ಸಾಲ ತಂದು ವ್ಯಾಪಾರಕ್ಕಿಳಿದವು. ಲಂಡನ್ನಿನ ಕ್ರಾಯ್ಡನ್ ಬರೋ ತನ್ನದೇ ವಸತಿ ಕಂಪನಿಗೆ ಸುಮಾರು 20 ಕೋಟಿ ಪೌಂಡ್ ಸಾಲ ಕೊಟ್ಟು ಕೈಸುಟ್ಟುಕೊಂಡಿತು. ಒಂದು ಲಕ್ಷದಷ್ಟು ಜನರಿರುವ ವೋಕಿಂಗ್ ಗಗನಚುಂಬಿ, ಹೋಟೆಲು ಕಟ್ಟಲು ಹೊರಟು ಹೆಚ್ಚುಕಡಿಮೆ 200 ಕೋಟಿ ಪೌಂಡ್ ಸಾಲಕ್ಕೆ ಬಿತ್ತು. 2023ರ ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್ ಕೂಡ, 11 ಲಕ್ಷಕ್ಕೂ ಹೆಚ್ಚು ಜನರ ನಗರ, ಹೊಸ ಖರ್ಚಿಗೆ ತಡೆ ಎಂಬ 114ನೇ ಸೆಕ್ಷನ್ನಿನ ನೋಟಿಸ್ ಹೊರಡಿಸಿತು. ಅಡುಗೆ, ಕಸಗುಡಿಸುವ ಕೆಲಸದ ಹೆಂಗಸರಿಗೆ ಗಂಡಸರಷ್ಟು ಸಂಬಳ ಕೊಡದೆ ದಶಕಗಟ್ಟಲೆ ಬೆಳೆಸಿದ ಬಾಕಿ, ಮೇಲೆ ಕೆಟ್ಟುಕೂತ ಹೊಸ ಕಂಪ್ಯೂಟರ್ ವ್ಯವಸ್ಥೆ. ಇವೆಲ್ಲಕ್ಕೂ ಲಂಡನ್ನನ್ನೇ ದೂರುವಂತಿಲ್ಲ. ಸ್ಥಳೀಯ ನಾಯಕರ ದುಡುಕೂ ಸೇರಿದೆ.

ಇಷ್ಟರ ನಡುವೆಯೂ ಒಳ್ಳೆಯದು ನಡೆದಿದೆ. ಹಿಂದೆ ನ್ಯಾಯಾಲಯದಲ್ಲಿ ಸೋತಿದ್ದ ನಾರ್ವಿಚ್ ಕೌನ್ಸಿಲ್ ಗೋಲ್ಡ್‌ಸ್ಮಿತ್ ಸ್ಟ್ರೀಟ್‌ನಲ್ಲಿ ಸುಮಾರು ನೂರು ಮನೆ ಕಟ್ಟಿ 2019ರಲ್ಲಿ ವಾಸ್ತುಶಿಲ್ಪದ ಸ್ಟರ್ಲಿಂಗ್ ಪ್ರಶಸ್ತಿ ಪಡೆಯಿತು. ಚಳಿಗಾಲದಲ್ಲೂ ಮನೆ ಬೆಚ್ಚಗಿಡಲು ಅಲ್ಲಿ ಇಂಧನ ಅಷ್ಟಾಗಿ ಬೇಕಿಲ್ಲ. ಕೌನ್ಸಿಲ್ ಮನೆಗಳಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಕೌನ್ಸಿಲ್‌ಗಳಿಗೆ ಮನೆ ಕಟ್ಟಲು ಬರುವುದಿಲ್ಲ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಇಂಗ್ಲೆಂಡಿನಲ್ಲಿ ಈಗ ಕಡಿಮೆ ಬಾಡಿಗೆಯ ಮನೆಗಾಗಿ ಸರತಿಯಲ್ಲಿರುವ ಕುಟುಂಬಗಳು 13 ಲಕ್ಷ. ಹೋಟೆಲು ಕೋಣೆ, ತಾತ್ಕಾಲಿಕ ಬಿಡಾರಗಳಲ್ಲಿ ಕೌನ್ಸಿಲ್ ಇರಿಸಿರುವ ಕುಟುಂಬಗಳು 2025ರ ಹೊತ್ತಿಗೆ 1.3 ಲಕ್ಷ. 2024ರಲ್ಲಿ ಬಂದ ಲೇಬರ್ ಸರ್ಕಾರ ಐದು ವರ್ಷದಲ್ಲಿ 15 ಲಕ್ಷ ಮನೆಗಳ ಗುರಿ ಇಟ್ಟುಕೊಂಡಿದೆ. ಕೊಳ್ಳುವ ಹಕ್ಕಿನ ರಿಯಾಯಿತಿಯನ್ನು ಬಹಳವಾಗಿ ಇಳಿಸಿದೆ, ಎರಡು ಹಂತದ ಕೌನ್ಸಿಲ್‌ಗಳನ್ನು ಒಂದುಗೂಡಿಸಲು ಹೊರಟಿದೆ. 2025ರಲ್ಲಿ ಘೋಷಿಸಿದ 3,900 ಕೋಟಿ ಪೌಂಡ್‌ಗಳ ಹತ್ತು ವರ್ಷದ ವಸತಿ ಯೋಜನೆಯಲ್ಲಿ ಶೇ 60ರಷ್ಟಾದರೂ ಕಡಿಮೆ ಬಾಡಿಗೆಯ ಮನೆಗಳಿರಬೇಕೆಂದು ಹೇಳಿದೆ. ಆ ಹಣವನ್ನು ಹಂಚುವವರು ಲಂಡನ್ನಿನಲ್ಲಿ ಮೇಯರ್, ಉಳಿದ ಇಂಗ್ಲೆಂಡಿಗೆ ಹೋಮ್ಸ್ ಇಂಗ್ಲೆಂಡ್ ಎಂಬ ಕೇಂದ್ರದ ಸಂಸ್ಥೆ. ಕೌನ್ಸಿಲ್‌ಗಳು ಅರ್ಜಿ ಹಾಕಿಕೊಳ್ಳಬೇಕು.